ಅಕ್ಕನ ಹೆಸರಿನ ಗಾಡಿ

ಲಿಂಗರಾಜಪುರ, ಬೆಂಗಳೂರು
12 ಫೆಬ್ರವರಿ 2025

ಕುಂದುಕೊರತೆ ಅಧಿಕಾರಿಗಳು,
ಸುಪಥ ಪಾರ್ಕಿಂಗ್ ಸರ್ವೀಸಸ್, ಕಲಬುರಗಿ

ಮಾನ್ಯರೇ,

ನನ್ನ ಹೆಸರಿನಲ್ಲಿರುವ ಸ್ಕೂಟರು ನಿಲ್ಲಿಸಬಾರದ ಜಾಗದಲ್ಲಿ ನಿಂತಿತ್ತೆಂದು ನಿಮ್ಮಿಂದ ನೋಟಿಸು ಬಂದಿದೆ. ಇಷ್ಟು ವರ್ಷ ಇಂಥ ನೋಟಿಸುಗಳನ್ನು ಪೊಲೀಸರು ಕಳಿಸುತ್ತಿದ್ದರೋ ಇಲ್ಲವೋ, ನನ್ನ ಕೈಗಂತೂ ಒಂದೂ ಬಂದಿರಲಿಲ್ಲ. ಹೊಸ ವರ್ಷದಿಂದ ನಗರ ಪಾಲಿಕೆಯವರು ಈ ಕೆಲಸವನ್ನೆಲ್ಲ ಒಂದು ಖಾಸಗಿ ಕಂಪನಿಗೆ ವಹಿಸಿದ್ದಾರೆಂದು ಪೇಪರಿನಲ್ಲಿ ಓದಿದ್ದೆ. ನೀವು ಫೋಟೋ ಸಮೇತ ಮನೆ ಬಾಗಿಲಿಗೇ ಕಳಿಸಿದ್ದೀರಿ.

ದಂಡ ಕಟ್ಟಿಯಾಗಿದೆ. ಅದರ ಬಗ್ಗೆ ತಕರಾರಿಲ್ಲ. ನಾನು ಬರೆಯುತ್ತಿರುವುದು ಬೇರೆ ಕಾರಣಕ್ಕೆ. ಫೋಟೋ ತೀರಾ ಚಿಕ್ಕದು, ಮಸುಕು, ಜಾಗದ ಹೆಸರೂ ಇಲ್ಲ. ಗಾಡಿಯ ಪಕ್ಕ ಬಗ್ಗಿ ಬೀಗ ಹಾಕುತ್ತಿರುವವರ ಬೆನ್ನು ಕಾಣುತ್ತದೆ, ಮುಖ ತಿಳಿಯುವುದಿಲ್ಲ. ಅದನ್ನೇ ದೊಡ್ಡದು ಮಾಡಿ ಕಳಿಸಲು ಸಾಧ್ಯವೇ? ನಿಮ್ಮ ಫೋನಿಗೆ ಕರೆ ಮಾಡಿದೆ. ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದು ಹೇಳಿ ಹೇಳಿ ಕೊನೆಗೆ ಧನ್ಯವಾದ ಎಂದು ಅದೇ ಇಟ್ಟುಬಿಟ್ಟಿತು. ಆದ್ದರಿಂದ ಈ ಕಾಗದ.

ಇನ್ನೊಂದು ಮಾತು. ನೋಟಿಸಿನಲ್ಲಿ ‘ವಾಹನವು ತಪ್ಪಿತಸ್ಥನಾಗಿ ನಿಂತಿರುತ್ತದೆ’ ಎಂದಿದೆ. ಹಲಸೂರಿನ ಒಂದು ಅಚ್ಚುಕೂಟದಲ್ಲಿ ನಿವೃತ್ತಳಾಗುವ ತನಕ ಕರಡು ತಿದ್ದುತ್ತಿದ್ದವಳು ನಾನು, ಕೈ ಸುಮ್ಮನಿರುವುದಿಲ್ಲ. ‘ತಪ್ಪಾಗಿ ನಿಂತಿದೆ’ ಎಂದರೆ ಸಾಕು.

ಇಂತಿ,
ಆಂಜನಮ್ಮ


ಕಲಬುರಗಿ
24 ಫೆಬ್ರವರಿ 2025

ಶ್ರೀಮತಿ ಆಂಜನಮ್ಮ ಅವರಿಗೆ,

ತಮ್ಮ ಪತ್ರ ತಲುಪಿದೆ. ಸಾಕ್ಷ್ಯಚಿತ್ರ ಅಸ್ಪಷ್ಟವಾಗಿದೆ ಎಂಬ ತಮ್ಮ ಆಕ್ಷೇಪಣೆಯನ್ನು ದಾಖಲಿಸಿಕೊಂಡು, ಪ್ರಕರಣವನ್ನು ಮರುಪರಿಶೀಲನೆಗೆ ತೆಗೆದುಕೊಳ್ಳಲಾಗಿದೆ.

ವಾಹನವನ್ನು ತಾವಲ್ಲದೆ ಬೇರೊಬ್ಬರು ಬಳಸುತ್ತಿರುವಂತೆ ಕಂಡುಬರುತ್ತದೆ. ಹಾಗಿದ್ದಲ್ಲಿ ಇದರೊಂದಿಗೆ ಲಗತ್ತಿಸಿರುವ ನಮೂನೆಯಲ್ಲಿ ಅವರ ಹೆಸರು ತಿಳಿಸಿದರೆ ಸಾಕು. ವಿಳಾಸವನ್ನು ನಾವೇ ಪತ್ತೆ ಮಾಡಿ, ಇನ್ನು ಮುಂದೆ ಎಲ್ಲ ನೋಟಿಸುಗಳನ್ನು ನೇರವಾಗಿ ಅವರಿಗೇ ಕಳುಹಿಸುತ್ತೇವೆ. ತಮಗೆ ಯಾವ ತೊಂದರೆಯೂ ಇರುವುದಿಲ್ಲ.

ಭಾಷಾದೋಷವನ್ನು ಸಂಬಂಧಪಟ್ಟ ವಿಭಾಗದ ಗಮನಕ್ಕೆ ತರಲಾಗಿದೆ.

ತಮ್ಮ ವಿಶ್ವಾಸಿ,
ಭಗವಂತರಾಯ
ಕುಂದುಕೊರತೆ ವಿಭಾಗ


ಲಿಂಗರಾಜಪುರ
3 ಮಾರ್ಚ್ 2025

ಮಾನ್ಯ ಭಗವಂತರಾಯರಿಗೆ ನಮಸ್ಕಾರಗಳು.

ದಯವಿಟ್ಟು ಹಾಗೆ ಮಾಡಬೇಡಿ. ನಮೂನೆಯನ್ನು ತುಂಬದೆ ಹಿಂದಿರುಗಿಸುತ್ತಿದ್ದೇನೆ. ನಾನು ಯಾವ ಆಕ್ಷೇಪಣೆಯನ್ನೂ ಮಾಡಿರಲಿಲ್ಲ. ನೋಟಿಸು ನನಗೇ ಬರಲಿ.

ಹೀಗೆ ಕೇಳುವವರು ನಿಮಗೆ ಸಿಕ್ಕಿರಲಾರರು. ಹೆಸರಿನಿಂದ ಹಿರಿಯರಂತೆ ತೋರುತ್ತೀರಿ, ಆದ್ದರಿಂದ ಸಂಕೋಚ ಬಿಟ್ಟು ಹೇಳುತ್ತೇನೆ. ಆ ಗಾಡಿ ಓಡಿಸುವವನು ನನ್ನ ತಮ್ಮ ಶ್ರೀನಾಥ. ಅಚ್ಚುಕೂಟಕ್ಕೆ ಹೋಗಿಬರಲೆಂದು ನಾನು ಕೊಂಡ ಗಾಡಿ ಅದು. ನನಗೆ ಕಲಿಯಲಾಗಲಿಲ್ಲ, ಅವನಿಗೆ ಕೊಟ್ಟೆ. ನಾಲ್ಕು ವರ್ಷದಿಂದ ನಮಗೆ ಮಾತಿಲ್ಲ. ಬೈಯಪ್ಪನಹಳ್ಳಿ ಕಡೆ ಎಲ್ಲೋ ಬಾಡಿಗೆಗೆ ಇದ್ದಾನೆಂದು ಯಾರೋ ಹೇಳಿದ್ದರು. ಅಷ್ಟೇ ಗೊತ್ತು. ಫೋನ್ ನಂಬರನ್ನೂ ಬದಲಾಯಿಸಿದ್ದಾನೆ.

ನಮ್ಮ ಅಮ್ಮನಿಗೆ ಕೊನೆಗಾಲದಲ್ಲಿ ಮರೆವು ಬಂದಿತ್ತು. ನನ್ನ ಜೊತೆಗೇ ಇದ್ದಳು. ಒಮ್ಮೆ ಬಾಗಿಲು ತೆಗೆದುಕೊಂಡು ಹೋಗಿ ರೈಲು ಹಳಿಯ ಮೇಲೆ ಸಿಕ್ಕಳು. ಅದೇ ವರ್ಷ ನನ್ನ ಬೆನ್ನು ಕೈಕೊಟ್ಟಿತು, ಅವಳನ್ನು ಎತ್ತಿ ಕೂರಿಸುವುದಕ್ಕೂ ಆಗದಾಯಿತು. ಹೊರಮಾವಿನಲ್ಲಿ ಅಂಥವರನ್ನು ನೋಡಿಕೊಳ್ಳುವ ಒಂದು ಮನೆಗೆ ಸೇರಿಸಿದೆ. ಶ್ರೀನಾಥ ಆಗ ಲಾರಿ ಓಡಿಸುತ್ತಿದ್ದ, ಅಸ್ಸಾಮಿನ ಕಡೆ ಹೋಗಿದ್ದ. ಅಮ್ಮ ಆ ಮನೆಯಲ್ಲೇ ತೀರಿಕೊಂಡಳು. ಅವನು ಬಂದು ಮುಟ್ಟುವಷ್ಟರಲ್ಲಿ ಮಣ್ಣಾಗಿ, ಹಾಲುತುಪ್ಪದ ದಿನ ಬಂದಿತ್ತು. ಇದ್ದ ಮಗಳು ಅಮ್ಮನನ್ನು ಹೊರಗೆ ಹಾಕಿದಳು ಎಂದು ಎಲ್ಲರೆದುರಿಗೆ ಹೇಳಿ ಹೊರಟುಹೋದ.

ಹುಡುಕಿಕೊಂಡು ಹೋಗಬಹುದಲ್ಲ ಎಂದು ನೀವು ಕೇಳಬಹುದು. ಎದುರಿಗೆ ನಿಂತರೆ ಮುಖ ತಿರುಗಿಸಿಕೊಂಡು ಹೋಗುತ್ತಾನೆ. ಫೋಟೋದಲ್ಲಿ ಹಾಗೆ ಮಾಡಲು ಅವನಿಗೆ ಆಗುವುದಿಲ್ಲ.

ಇಂತಿ,
ಆಂಜನಮ್ಮ


ಕಲಬುರಗಿ
18 ಮಾರ್ಚ್ 2025

ಆಂಜನಮ್ಮನವರಿಗೆ,

ಮರುಪರಿಶೀಲನೆಯನ್ನು ಕೈಬಿಡಲಾಗಿದೆ. ವಿಳಾಸ ಬದಲಾವಣೆಯನ್ನು ತಡೆಹಿಡಿಯಲಾಗಿದೆ. ಕೋರಿದಂತೆ ಫೋಟೋವನ್ನು ದೊಡ್ಡದು ಮಾಡಿಸಿ ಇದರೊಂದಿಗೆ ಇಟ್ಟಿದ್ದೇನೆ. ಇದೇ ವಾಹನದ ಇನ್ನೂ ಎರಡು ಪ್ರಕರಣಗಳು ದಾಖಲಾಗಿವೆ, ಆ ಫೋಟೋಗಳನ್ನೂ ಇಟ್ಟಿದ್ದೇನೆ. ಒಂದರಲ್ಲಿ ಅವರ ಮುಖ ಅರ್ಧ ಕಾಣುತ್ತದೆ.

ಆದರೆ ಒಂದು ವಿಷಯ ತಿಳಿಸಲೇಬೇಕು. ಒಂದೇ ಸ್ಥಳದಲ್ಲಿ ಪದೇಪದೇ ನಿಂತ ವಾಹನವನ್ನು ಎತ್ತಿಕೊಂಡು ಹೋಗುವ ನಿಯಮವಿದೆ. ಅದನ್ನು ನಿರ್ಧರಿಸುವುದು ನಾವಲ್ಲ, ಕಂಪ್ಯೂಟರು. ಮೊದಲಾಗಿದ್ದರೆ ರಸ್ತೆಯಲ್ಲಿ ಒಬ್ಬ ಪೊಲೀಸಿನವರು ಇರುತ್ತಿದ್ದರು, ಕೇಳಿಕೊಳ್ಳಬಹುದಿತ್ತು. ಈಗ ಬೈಕಿನ ಮೇಲೆ ಕ್ಯಾಮೆರಾ ಹೊತ್ತವರು ಫೋಟೋ ಹೊಡೆದುಕೊಂಡು ಹೋಗುತ್ತಾರೆ. ಅವರಿಗೂ ದಿನಕ್ಕೆ ಇಂತಿಷ್ಟು ಎಂದಿರುತ್ತದೆ. ಹೇಗಾದರೂ ಮಾಡಿ ನಿಮ್ಮ ತಮ್ಮನಿಗೆ ತಿಳಿಸುವುದು ಒಳ್ಳೆಯದು.

ಭಗವಂತರಾಯ


ಲಿಂಗರಾಜಪುರ
27 ಮಾರ್ಚ್ 2025

ರಾಯರಿಗೆ ನಮಸ್ಕಾರಗಳು.

ಫೋಟೋಗಳು ಬಂದವು. ಮೊದಲು ಓದುವ ಕನ್ನಡಕದಲ್ಲಿ ನೋಡಿದೆ, ಆಮೇಲೆ ಕರಡು ತಿದ್ದುವಾಗ ಬಳಸುತ್ತಿದ್ದ ಭೂತಗನ್ನಡಿ ಹುಡುಕಿ ತೆಗೆದೆ.

ಅವನೇ. ತಲೆಯಲ್ಲಿ ಬಿಳಿಕೂದಲು ಬಂದಿದೆ. ಸೀಟಿಗೆ ಹೊಸ ಕವರು ಹಾಕಿಸಿದ್ದಾನೆ, ಕೆಂಪು ಬಣ್ಣದ್ದು. ಕೆಂಪು ಅವನ ಆಯ್ಕೆಯಲ್ಲ, ಅವನ ಹೆಂಡತಿ ಧನಲಕ್ಷ್ಮಿಯದಿರಬೇಕು. ಮೂರು ಫೋಟೋದಲ್ಲೂ ಮುಂದಿನ ಕೊಕ್ಕೆಗೆ ಊಟದ ಡಬ್ಬಿಯ ಚೀಲವಿದೆ. ಒಂದರ ಮೂಲೆಯಲ್ಲಿ ಉರ್ದು ಬೋರ್ಡಿನ ಚಹಾ ಅಂಗಡಿ ಕಾಣುವುದರಿಂದ ಅದು ಶಿವಾಜಿನಗರ ಎಂದುಕೊಂಡೆ. ಹೌದೇ? ಲಾರಿ ಬಿಟ್ಟು ಅಲ್ಲಿ ಏನೋ ಕೆಲಸ ಹಿಡಿದಿದ್ದಾನೆ. ಡಬ್ಬಿ ತೆಗೆದುಕೊಂಡು ಹೋಗುವ ಕೆಲಸ, ಅಂದರೆ ಒಂದೇ ಕಡೆ ಕೂರುವ ಕೆಲಸ. ಎಷ್ಟೋ ವರ್ಷ ಅಮ್ಮ ಅದನ್ನೇ ಬಯಸುತ್ತಿದ್ದಳು. ಊರೂರು ತಿರುಗುವುದು ಸಾಕು, ಮನೆಗೆ ಬಂದು ಮಲಗುವಂತಾಗಲಿ ಎನ್ನುತ್ತಿದ್ದಳು. ಸ್ವಲ್ಪ ಇಳಿದುಹೋಗಿದ್ದಾನೆ. ವಯಸ್ಸಾಯಿತಲ್ಲ.

ಫೋಟೋಗಳನ್ನು ದೇವರ ಗೂಡಿನಲ್ಲಿ ಇಡುವುದು ಸರಿಯಲ್ಲವೆಂದು ಟೀವಿಯ ಪಕ್ಕ ನಿಲ್ಲಿಸಿದ್ದೇನೆ. ಮಹಡಿಯ ಬಾಡಿಗೆಯವರು ಕೇಳಿದರು, ಏನಿದು ಎಲ್ಲದರಲ್ಲೂ ಸ್ಕೂಟರು ಎಂದು. ನನ್ನ ಗಾಡಿ ಎಂದೆ.

ನೀವು ಹೇಳಿದ ಎಚ್ಚರಿಕೆ ಮನಸ್ಸಿನಲ್ಲಿದೆ. ಆದರೆ ಅವನಿಗೆ ತಿಳಿಸುವುದು ಹೇಗೆ? ನಾನೇ ಹೇಳಿಕಳಿಸಿದೆ ಎಂದು ಗೊತ್ತಾದರೆ ಆ ಗಾಡಿಯನ್ನೂ ಬಿಟ್ಟುಬಿಡುತ್ತಾನೆ. ಆಗ ನನಗೆ ಇದೂ ಇರುವುದಿಲ್ಲ.

ನಿಮ್ಮ ಮನೆಯಲ್ಲಿ ಎಲ್ಲರೂ ಕ್ಷೇಮವೇ? ಮೊಮ್ಮಕ್ಕಳಿದ್ದಾರೆಯೇ? ಕಲಬುರಗಿಯ ಬಿಸಿಲು ಈ ವಯಸ್ಸಿನಲ್ಲಿ ಕಷ್ಟವಾಗಬಹುದು. ಮಧ್ಯಾಹ್ನ ಹೊರಗೆ ಓಡಾಡಬೇಡಿ.

ಇಂತಿ,
ಆಂಜನಮ್ಮ


ಲಿಂಗರಾಜಪುರ
9 ಮೇ 2025

ರಾಯರಿಗೆ ನಮಸ್ಕಾರಗಳು.

ನನ್ನ ಹಿಂದಿನ ಕಾಗದಕ್ಕೆ ಉತ್ತರ ಬರಲಿಲ್ಲ. ಅದಿರಲಿ, ನೋಟಿಸೂ ಬರುತ್ತಿಲ್ಲ. ಏಪ್ರಿಲ್ ಪೂರ್ತಿ ಒಂದೂ ಇಲ್ಲ.

ಪೋಸ್ಟಿನವರನ್ನು ಎರಡು ಸಲ ನಿಲ್ಲಿಸಿ ಕೇಳಿದೆ. ಗಾಡಿ ಎತ್ತಿಕೊಂಡು ಹೋದರೇ? ಇಲ್ಲ, ನೀವೇ ವಿಳಾಸ ಬದಲಾಯಿಸಿದಿರೇ? ಹಾಗಿದ್ದರೆ ಹೇಳಿಬಿಡಿ, ಬೇಸರ ಮಾಡಿಕೊಳ್ಳುವುದಿಲ್ಲ. ಅವನು ಆ ಕೆಲಸ ಬಿಟ್ಟನೋ, ಗಾಡಿ ಮಾರಿದನೋ, ಇಲ್ಲ ಏನಾದರೂ ಆಯಿತೋ, ಒಂದೂ ತಿಳಿಯುತ್ತಿಲ್ಲ. ನಾಲ್ಕು ವರ್ಷ ಏನೂ ತಿಳಿಯದೆ ಇದ್ದೆ, ಅಭ್ಯಾಸವಾಗಿತ್ತು. ನೀವು ಮೂರು ಫೋಟೋ ಕಳಿಸಿ ಆ ಅಭ್ಯಾಸ ತಪ್ಪಿಸಿದಿರಿ.

ಎರಡು ಸಾಲು ಬರೆಯಿರಿ.

ಆಂಜನಮ್ಮ


ಕಲಬುರಗಿ
17 ಮೇ 2025

ಅಮ್ಮಾ,

ಇದು ಕಂಪನಿಯ ಕಾಗದವಲ್ಲ. ಮನೆಯಿಂದ, ಕೈಯಲ್ಲಿ ಬರೆಯುತ್ತಿದ್ದೇನೆ. ಓದಿದ ಮೇಲೆ ಕಂಪನಿಯ ವಿಳಾಸಕ್ಕೆ ಉತ್ತರ ಬರೆಯಬೇಡಿ, ಹಿಂದೆ ನನ್ನ ಮನೆಯ ವಿಳಾಸವಿದೆ.

ನಿಮ್ಮ ತಮ್ಮನ ಗಾಡಿಗೆ ಏನೂ ಆಗಿಲ್ಲ. ನೋಟಿಸುಗಳನ್ನು ನಿಲ್ಲಿಸಿದವನು ನಾನು. ಏಪ್ರಿಲಿನಲ್ಲೂ ಅದೇ ಜಾಗದಲ್ಲಿ ಫೋಟೋ ಆಗಿವೆ. ಒಂದೊಂದನ್ನೂ ನನ್ನ ಹಂತದಲ್ಲೇ ರದ್ದು ಮಾಡಿದೆ. ಗಾಡಿ ಎತ್ತಿಕೊಂಡು ಹೋಗುವುದು ತಪ್ಪಲಿ, ನಿಮಗೂ ಪದೇಪದೇ ದಂಡ ಕಟ್ಟುವುದು ತಪ್ಪಲಿ ಎಂದು ಒಳ್ಳೆಯದಕ್ಕೇ ಮಾಡಿದೆ. ರದ್ದಾದರೆ ಫೋಟೋ ನಿಮಗೆ ಬರುವುದಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ.

ರದ್ದು ಮಾಡಲು ಒಂದು ಕಾರಣ ಬರೆಯಬೇಕಾಗುತ್ತದೆ. ನಾನು ‘ವೈದ್ಯಕೀಯ’ ಎಂದು ಬರೆದೆ. ಅದು ಸುಳ್ಳಲ್ಲ ಅಮ್ಮಾ. ನೀವು ನೋಡಿದ ಚಹಾ ಅಂಗಡಿಯ ಎದುರಿಗಿರುವ ಗೋಡೆ ಶಿವಾಜಿನಗರದ ಒಂದು ಆಸ್ಪತ್ರೆಯದು. ನಿಮಗೆ ಬಂದ ಫೋಟೋಗಳಲ್ಲಿ ಗೋಡೆಗೆ ಅಂಟಿಸಿದ ಪೋಸ್ಟರು ಮಾತ್ರ ಕಾಣುತ್ತದೆ, ನನ್ನ ಪರದೆಯಲ್ಲಿ ಜಾಗದ ಹೆಸರು ಇರುತ್ತದೆ. ಗಾಡಿ ಅಲ್ಲಿಗೆ ಬರುವುದು ಮಂಗಳವಾರ ಮತ್ತು ಶುಕ್ರವಾರ ಮಾತ್ರ. ಬೆಳಿಗ್ಗೆ ಬಂದರೆ ಮಧ್ಯಾಹ್ನ ದಾಟುವ ತನಕ ಅಲ್ಲೇ ಇರುತ್ತದೆ. ಅದು ಕೆಲಸಕ್ಕೆ ಹೋಗುವವರ ಲೆಕ್ಕವಲ್ಲ.

ಆ ಲೆಕ್ಕ ನನಗೆ ಗೊತ್ತಿದೆ. ನನ್ನ ಅವ್ವನನ್ನು ವಾರಕ್ಕೆ ಎರಡು ಸಲ ಹಾಗೆಯೇ ಕರೆದುಕೊಂಡು ಹೋಗಿ ಡಯಾಲಿಸಿಸ್ ಮಾಡಿಸುತ್ತಿದ್ದೆ. ನಾವೂ ಡಬ್ಬಿ ಒಯ್ಯುತ್ತಿದ್ದೆವು. ಏಪ್ರಿಲಿನ ಒಂದು ಫೋಟೋದಲ್ಲಿ ನಿಮ್ಮ ತಮ್ಮ ವಾಪಸು ಹೊರಟಿದ್ದಾರೆ. ಎಡತೋಳಿಗೆ ಹತ್ತಿ ಒತ್ತಿ ಪಟ್ಟಿ ಹಾಕಿದೆ. ಒಂದು ಕೈ ಗೋಡೆಯ ಮೇಲಿದೆ.

ಮಾರ್ಚಿನಲ್ಲಿ ನೀವು ಅವರಿಗೆ ಕೂರುವ ಕೆಲಸ ಸಿಕ್ಕಿದೆಯೆಂದು ಅಷ್ಟು ಖುಷಿಯಾಗಿ ಬರೆದಿರಿ. ಅದಕ್ಕೆ ಏನು ಉತ್ತರ ಬರೆಯಬೇಕೆಂದು ತಿಳಿಯದೆ ಸುಮ್ಮನಾದೆ. ಇನ್ನೊಬ್ಬರ ಓಡಾಟವನ್ನು ಹೊರಗೆ ಹೇಳುವುದಿಲ್ಲವೆಂದು ಕೆಲಸಕ್ಕೆ ಸೇರುವಾಗ ಸಹಿ ಹಾಕಿದ್ದೇನೆ. ನಾನು ಊಹಿಸಿದ್ದು ತಪ್ಪೂ ಇರಬಹುದು. ಆದರೂ ಹೋಗಿ ನೋಡಿ. ಮುಖ ತಿರುಗಿಸಿದರೆ ತಿರುಗಿಸಲಿ.

ಭಗವಂತರಾಯ


ಲಿಂಗರಾಜಪುರ
30 ಜೂನ್ 2025

ರಾಯರಿಗೆ,

ಇಷ್ಟು ದಿನ ಬರೆಯಲಿಲ್ಲ. ಏನಾಗುತ್ತದೆಂದು ನನಗೇ ತಿಳಿಯದೆ ನಿಮಗೇನು ಬರೆಯಲಿ?

ಮೊದಲನೇ ಮಂಗಳವಾರ ಶಿವಾಜಿನಗರದ ತನಕ ಹೋಗಿ, ಗಾಡಿಯನ್ನು ದೂರದಿಂದ ನೋಡಿ, ಬಂದ ಬಸ್ಸಿನಲ್ಲೇ ವಾಪಸಾದೆ. ಶುಕ್ರವಾರ ಹತ್ತಿರ ಹೋದೆ. ಕೆಂಪು ಸೀಟಿನ ಮೇಲೆ ಕೈಯಿಟ್ಟೆ. ಕಾದು ಸುಡುತ್ತಿತ್ತು. ಚಹಾ ಅಂಗಡಿಯ ವಾಜಿದ್ ಎನ್ನುವವರು ಅಲ್ಲಿಂದಲೇ ನನ್ನನ್ನು ನೋಡುತ್ತಿದ್ದರು. ಯಾಕೆ ಗಾಡಿ ಮುಟ್ಟುತ್ತಿದ್ದೀರಿ ಎಂದು ಕೇಳಿದರು. ನನ್ನ ಗಾಡಿ ಎಂದೆ. ಅವರು ಒಲೆ ಸಣ್ಣ ಮಾಡಿ ಎದ್ದುಬಂದರು. ನನ್ನ ಮಾತು ನಂಬದೆ, ನಾನು ಕಂಪನಿಯ ಕಡೆಯಿಂದ ಗಾಡಿ ಎತ್ತಿಸಲು ಬಂದವಳು ಎಂದುಕೊಂಡರೋ ಏನೋ, ಕೈಮುಗಿದುಬಿಟ್ಟರು.

“ಅಮ್ಮಾ, ಅವ್ರು ಪೇಷಂಟು. ರಕ್ತ ತೊಳ್ಸೋಕೆ ಒಳಗ್ ಹೋಗಿದಾರೆ. ಗಾಡಿ ಬಿಟ್ಬಿಡಿ.”

ನಿಮ್ಮ ಊಹೆ ತಪ್ಪಿರಲಿ ಎಂದು ಎಷ್ಟು ಬೇಡಿಕೊಂಡಿದ್ದೆನೋ. ನಾನು ಅವನ ಅಕ್ಕ ಎಂದೆ. ವಾಜಿದ್ ಬೆಂಚು ತೋರಿಸಿ ನೀರು ಕೊಟ್ಟರು. ಮೊದಲು ಆ ರಸ್ತೆಯಲ್ಲಿ ಪ್ರೇಮ್‌ಕುಮಾರ್ ಎಂಬ ಪೊಲೀಸಿನವರು ಇದ್ದರಂತೆ. ತೋಳಿನ ಮೇಲೆ ಪಟ್ಟಿ ಇದ್ದವರ ಗಾಡಿಗಳನ್ನು ಅವರೇ ಗೋಡೆಗೆ ಒತ್ತಿ ನಿಲ್ಲಿಸಿಕೊಡುತ್ತಿದ್ದರಂತೆ. ಈಗಿನವರಿಗೆ ಹೇಳೋಣವೆಂದರೆ ಅವರು ಗಾಡಿಯಿಂದ ಇಳಿಯುವುದೇ ಇಲ್ಲ, ಯಾರಿಗೆ ಹೇಳೋದು ಎಂದರು. ನನಗೆ ನಿಮ್ಮ ನೆನಪಾಯಿತು. ಒಬ್ಬರಿದ್ದಾರೆ, ಕಲಬುರಗಿಯಲ್ಲಿ, ಎಂದೆ.

ಶ್ರೀನಾಥ ಗೋಡೆ ಹಿಡಿದುಕೊಂಡು ಬಂದ. ನೀವು ಕಳಿಸಿದ ಫೋಟೋಗಳಲ್ಲಿ ಅವನು ಇಷ್ಟು ಸೊರಗಿದ್ದು ನನಗೆ ಕಂಡಿರಲಿಲ್ಲ. ಕಂಡಿದ್ದರೂ ವಯಸ್ಸು ಎಂದುಕೊಂಡೆನಲ್ಲ. ಮೊದಲು ಗಾಡಿ ನೋಡಿದ, ಆಮೇಲೆ ನನ್ನನ್ನು. ಮುಖ ತಿರುಗಿಸಿದ ನಿಜ, ಆದರೆ ನಡೆದುಹೋಗುವ ಶಕ್ತಿ ಇರಲಿಲ್ಲ. ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತ.

ರಸ್ತೆ ನೋಡಿಕೊಂಡೇ ಕೇಳಿದ, “ಯಾರ್ ಹೇಳಿದ್ರು?”

“ಗಾಡಿ ನಂದಲ್ವಾ. ಎಲ್ ನಿಲ್ಲುತ್ತೆ ಅಂತ ನಂಗೆ ಕಾಗದ ಬರುತ್ತೆ.”

“ಬೇಕಾದ್ರೆ ತಗೊಂಡ್ಹೋಗು.”

“ಓಡ್ಸೋಕ್ ಬರ್ದಿರೋಳು ತಗೊಂಡ್ಹೋಗಿ ಏನ್ ಮಾಡ್ಲಿ.”

ವಾಜಿದ್ ಆ ಕಡೆ ತಿರುಗಿ ಲೋಟ ತೊಳೆಯುತ್ತಿದ್ದರು. ಶ್ರೀನಾಥ ಪಟ್ಟಿಯ ಮೇಲೆ ಹೆಬ್ಬೆರಳು ಒತ್ತಿಕೊಂಡು ಕುಳಿತಿದ್ದ. ಆಮೇಲೆ ಹೇಳಿದ, “ಅಮ್ಮನ್ನ ಅಲ್ ಬಿಟ್ಟಿದ್ದು ತಪ್ಪು. ಈಗ್ಲೂ ಹಂಗೇ ಅನ್ಸುತ್ತೆ ನಂಗೆ.”

“ಅನ್ಸ್ಲಿ,” ಎಂದೆ. “ಮಂಗಳವಾರ ನಾನೂ ಬರ್ತೀನಿ.”

ಆ ಸ್ಥಿತಿಯಲ್ಲಿ ಗಾಡಿ ಓಡಿಸಲು ನಾನು ಬಿಡಲಿಲ್ಲ. ಬೀಗದ ಕೈಯನ್ನು ವಾಜಿದ್‌ಗೆ ಕೊಟ್ಟು ಆಟೋದಲ್ಲಿ ಬೈಯಪ್ಪನಹಳ್ಳಿಗೆ ಹೋದೆವು. ಅವನ ಮನೆಯ ಬೀದಿಯ ತುದಿಯಲ್ಲೇ ನಾನು ಇಳಿದುಕೊಂಡೆ, ಕರೆಯದೆ ಹೇಗೆ ಒಳಗೆ ಹೋಗಲಿ?

ಆಮೇಲೆ ಪ್ರತಿ ಮಂಗಳವಾರ, ಶುಕ್ರವಾರ ಹೋಗುತ್ತಿದ್ದೇನೆ. ಧನಲಕ್ಷ್ಮಿಗೆ ಗಾರ್ಮೆಂಟ್ಸಿನಲ್ಲಿ ರಜೆ ಸಿಗುವುದಿಲ್ಲ, ಆದ್ದರಿಂದ ಇಷ್ಟು ದಿನ ಅವನು ಒಬ್ಬನೇ ಬಂದು ಹೋಗುತ್ತಿದ್ದ. ನಾವು ಮಾತಾಡುವುದು ಕಡಿಮೆ. ನೀರು ಕೊಡಲಾ, ಫ್ಯಾನು ಜಾಸ್ತಿಯಾಯಿತಾ, ಇಷ್ಟೇ. ಆದರೆ ಹೋದ ವಾರ ನಾನು ಬಸ್ಸಿನಲ್ಲಿ ಸಿಕ್ಕಿಕೊಂಡು ತಡವಾಗಿ ಹೋದಾಗ, ನರ್ಸು ಹೇಳಿದರು, ನಿಮ್ಮ ತಮ್ಮ ಬಾಗಿಲ ಕಡೆಯೇ ನೋಡುತ್ತಿದ್ದರು ಎಂದು.

ನೀವು ಸಹಿ ಹಾಕಿದ ಮಾತನ್ನು ಮುರಿದಿರಿ. ಅದರಿಂದ ನಿಮಗೇನೂ ಆಗದಿರಲಿ. ಈ ವಯಸ್ಸಿನಲ್ಲಿ ಕೆಲಸಕ್ಕೆ ತೊಂದರೆಯಾದರೆ ಕಷ್ಟ.

ಆಂಜನಮ್ಮ


ಕಲಬುರಗಿ
14 ಜುಲೈ 2025

ಅಮ್ಮಾ,

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೋ. ‘ಅನ್ಸ್ಲಿ’ ಎಂದಿರಲ್ಲ, ಅದು ನನಗೆ ಬಹಳ ಹಿಡಿಸಿತು.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ನನಗೆ ಇಪ್ಪತ್ತಾರು ವರ್ಷ. ಅಜ್ಜನ ಹೆಸರಿಟ್ಟಿದ್ದಾರೆ. ಮೊಮ್ಮಕ್ಕಳನ್ನು ವಿಚಾರಿಸಿದಾಗಲೇ ಹೇಳಬೇಕಿತ್ತು. ಆದರೆ ಬಿಸಿಲಲ್ಲಿ ಓಡಾಡಬೇಡಿ ಎಂದು ನನಗೆ ಯಾರಾದರೂ ಹೇಳಿ ಬಹಳ ದಿನವಾಗಿತ್ತು. ಹುಡುಗನೆಂದು ಗೊತ್ತಾದರೆ ನೀವು ಹಾಗೆ ಬರೆಯುವುದನ್ನು ನಿಲ್ಲಿಸುತ್ತೀರೇನೋ ಅನ್ನಿಸಿತು. ಅವ್ವ ಹೋದ ವರ್ಷ ದಸರೆಯ ಹೊತ್ತಿಗೆ ಹೋದಳು.

ಡಯಾಲಿಸಿಸ್ ಮಾಡಿಸುವವರಿಗೆ ಯಾರೂ ಹೇಳಿಕೊಡದ ಕೆಲವು ವಿಷಯಗಳಿವೆ. ನಿಮಗೆ ಉಪಯೋಗವಾಗಬಹುದು. ತರಕಾರಿ, ಸೊಪ್ಪನ್ನು ಹೆಚ್ಚಿ ಬಿಸಿನೀರಿನಲ್ಲಿ ನೆನೆಸಿ, ಆ ನೀರು ಚೆಲ್ಲಿ ಬೇಯಿಸಿ. ಎಳನೀರು ಒಳ್ಳೆಯದೆಂದು ನೋಡಲು ಬಂದವರು ತರುತ್ತಾರೆ, ಕೊಡಬೇಡಿ, ಬಾಳೆಹಣ್ಣೂ ಬೇಡ. ಬಾಯಾರಿಕೆ ತಡೆಯಲಾಗದೆ ಸಿಟ್ಟು ಮಾಡಿಕೊಳ್ಳುತ್ತಾರೆ. ಆಗ ಐಸಿನ ಒಂದು ಸಣ್ಣ ಚೂರು ಬಾಯಿಗೆ ಹಾಕಿ. ಸಿಟ್ಟು ನಿಮ್ಮ ಮೇಲಲ್ಲ, ಅದನ್ನು ನೆನಪಿಡಿ. ನಾನು ನೆನಪಿಡಲಿಲ್ಲ, ಅವ್ವನ ಜೊತೆ ಜಗಳವಾಡುತ್ತಿದ್ದೆ. ಏನೇ ಇದ್ದರೂ ಡಾಕ್ಟರನ್ನು ಒಮ್ಮೆ ಕೇಳಿಯೇ ಮಾಡಿ.

ಇನ್ನು ಕೆಲಸದ ವಿಷಯ. ನಿಮ್ಮ ತಮ್ಮನ ಗಾಡಿಯೊಂದನ್ನೇ ರದ್ದು ಮಾಡುವುದು ಸರಿ ಕಾಣಲಿಲ್ಲ. ಆ ಗೋಡೆಯ ಪಕ್ಕ ಮತ್ತೆ ಮತ್ತೆ ಬರುವ ಗಾಡಿಗಳನ್ನೆಲ್ಲ ಗಮನಿಸಿ, ಇವರೂ ರೋಗಿಗಳೇ ಎಂದುಕೊಂಡು ಅವನ್ನೂ ರದ್ದು ಮಾಡುತ್ತಿದ್ದೆ. ತಿಂಗಳ ತಪಾಸಣೆಯಲ್ಲಿ ಸಿಕ್ಕಿಬಿದ್ದೆ. ಸಾಹೇಬರು ಕರೆದು ಪುರಾವೆ ಎಲ್ಲಿದೆ ಎಂದು ಕೇಳಿದರು. ತೋಳಿನ ಪಟ್ಟಿ ನೋಡಿ ಸರ್ ಎಂದೆ. ಪಟ್ಟಿ ಪುರಾವೆಯಲ್ಲ ಎಂದರು. ನಗರ ಪಾಲಿಕೆಯವರಿಗೆ ಬರೆದು ಆ ಗೋಡೆಯ ಉದ್ದಕ್ಕೂ ರೋಗಿಗಳಿಗೆ ಜಾಗ ಬಿಡಿಸಬಹುದು ಎಂದು ಒಂದು ಟಿಪ್ಪಣಿ ಕೊಟ್ಟೆ. ತೆಗೆದುಕೊಂಡಿದ್ದಾರೆ, ಏನಾಗುತ್ತದೋ ಗೊತ್ತಿಲ್ಲ. ನನ್ನನ್ನು ಮಾತ್ರ ಕೆಲಸದಿಂದ ಬಿಡಿಸಿದರು. ಹೇಗೂ ಇನ್ನು ಮೇಲೆ ದೂರುಗಳೆಲ್ಲ ಮೊಬೈಲಿನಲ್ಲೇ ಅಂತೆ, ಕಾಗದ ಓದುವವರು ಬೇಡ.

ಚಿಂತೆ ಮಾಡಬೇಡಿ. ಇಲ್ಲಿಯ ಒಂದು ಡಯಾಲಿಸಿಸ್ ಕೇಂದ್ರದಲ್ಲಿ ರೋಗಿಗಳ ಸರದಿ ನೋಡಿಕೊಳ್ಳುವ ಕೆಲಸಕ್ಕೆ ಕರೆದರು, ಸೇರಿಕೊಂಡೆ. ಅವ್ವನ ಕಾಲದಿಂದ ಅವರೆಲ್ಲ ಪರಿಚಯ. ಮೊದಲ ದಿನ ಆ ಬಾಗಿಲು ದಾಟುವುದಕ್ಕೆ ಕಾಲು ಬರಲಿಲ್ಲ, ಈಗ ಬರುತ್ತಿದೆ.

ನಿಮ್ಮ ಶ್ರೀನಾಥ ಅವರ ಬಗ್ಗೆ ಬರೆಯುತ್ತಿರಿ.

ಭಗವಂತರಾಯ


ಲಿಂಗರಾಜಪುರ
21 ಸೆಪ್ಟೆಂಬರ್ 2025, ಮಹಾಲಯ ಅಮಾವಾಸ್ಯೆ

ಪ್ರೀತಿಯ ಭಗವಂತರಾಯನಿಗೆ,

ಇಪ್ಪತ್ತಾರು ವರ್ಷದ ಹುಡುಗನಿಗೆ ಇನ್ನು ನಮಸ್ಕಾರ ಇಲ್ಲ, ಆಶೀರ್ವಾದ. ಉತ್ತರ ತಡವಾಯಿತು. ಆಗಸ್ಟಿನಲ್ಲಿ ಶ್ರೀನಾಥನಿಗೆ ಜ್ವರ ಬಂದು ಆಸ್ಪತ್ರೆಯಲ್ಲೇ ಉಳಿಯಬೇಕಾಯಿತು. ಧನಲಕ್ಷ್ಮಿ ರಾತ್ರಿ, ನಾನು ಹಗಲು. ಈಗ ಇಳಿದಿದೆ. ರೋಗ ವಾಸಿಯಾಗುವಂಥದ್ದಲ್ಲವೆಂದು ನಿನಗೆ ನಾನು ಹೇಳಬೇಕಿಲ್ಲ. ನೀನು ಬರೆದ ಐಸಿನ ಚೂರು ಎಷ್ಟೋ ಸಲ ನಮ್ಮಿಬ್ಬರ ಜಗಳ ತಪ್ಪಿಸಿತು.

ಇವತ್ತು ನಡೆದದ್ದನ್ನು ಇವತ್ತೇ ಬರೆಯಬೇಕು.

ಹಿರಿಯರಿಗೆ ಎಡೆ ಇಡುವ ದಿನವಲ್ಲವೇ, ಬೆಳಿಗ್ಗೆ ಬೇಗ ಅಡುಗೆ ಮುಗಿಸಿದ್ದೆ. ಶ್ರೀನಾಥ ಆಟೋದಲ್ಲಿ ಬಂದು ಬಾಗಿಲಲ್ಲೇ ನಿಂತು, ಎಡೆಗೆ ಮುಂಚೆ ಅಮ್ಮ ಇದ್ದ ಆ ಹೊರಮಾವಿನ ಮನೆ ನೋಡಬೇಕು, ಕರೆದುಕೊಂಡು ಹೋಗು ಎಂದ. ಯಾಕೆ ಎಂದು ಕೇಳಲಿಲ್ಲ. ಅಲ್ಲಿ ಹೋಗಿ ಮತ್ತೆ ಸಿಟ್ಟಾಗುತ್ತಾನೆ, ಇಷ್ಟು ತಿಂಗಳು ಕೂಡಿಸಿಕೊಂಡದ್ದು ಹೋಗುತ್ತದೆ ಎಂದು ಭಯವಾಗಿತ್ತು. ಆದರೂ ಸೆರಗು ಸರಿಮಾಡಿಕೊಂಡು ಹೊರಟೆ.

ಅಲ್ಲಿ ಮುನಿಲಕ್ಷ್ಮಮ್ಮ ಎಂಬವರು ಇದ್ದಾರೆ. ಅಮ್ಮನಿಗೆ ಸ್ನಾನ ಮಾಡಿಸಿ, ತಲೆ ಬಾಚಿ ಎಲ್ಲ ನೋಡಿಕೊಂಡವರು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದರು. ಇವನು ಮಗ ಎಂದೆ. ಅಮ್ಮನ ಮಂಚ ಇದ್ದ ಜಾಗಕ್ಕೆ ಕರೆದುಕೊಂಡು ಹೋದರು. ಈಗ ಅಲ್ಲಿ ಇನ್ನೊಬ್ಬ ಅಜ್ಜಿ ಇದ್ದಾರೆ. ಕಿಟಕಿಯ ಆಚೆ ಅಪಾರ್ಟ್‌ಮೆಂಟು ಕಟ್ಟುತ್ತಿದ್ದಾರೆ. ಶ್ರೀನಾಥ ಮಂಚದ ಕಂಬಿ ಹಿಡಿದು ನಿಂತುಕೊಂಡ. ಅಮ್ಮ ಇಲ್ಲಿ ಅಳುತ್ತಿದ್ದಳಾ ಎಂದು ಕೇಳಿದ.

ಅಳುತ್ತಿರಲಿಲ್ಲ ಎಂದರು ಮುನಿಲಕ್ಷ್ಮಮ್ಮ. ಪಕ್ಕದ ಮಂಚದವರ ಜೊತೆ ಜಂಬ ಕೊಚ್ಚುತ್ತಿದ್ದರಂತೆ, ನನ್ನ ಮಗ ಡ್ಯೂಟಿಗೆ ಹೋಗಿದ್ದಾನೆ, ಸಂಜೆ ಬರುತ್ತಾನೆ ಎಂದು. ದಿನಾ ಅದೇ ಮಾತು.

“ಸಂಜೆ ನಾನ್ ಬರ್ದೇ ಇದ್ದಾಗ?” ಎಂದ ಶ್ರೀನಾಥ.

“ಸಂಜೆ ಅನ್ನೋಷ್ಟ್ರಲ್ಲಿ ಮರ್ತುಬಿಡೋರು ಕಣಪ್ಪ. ಬೆಳಿಗ್ಗೆ ಎದ್ರೆ ಮತ್ತೆ, ನನ್ ಮಗ ಸಂಜೆ ಬರ್ತಾನೆ.”

ನನಗೂ ಒಂದು ಪ್ರಶ್ನೆ ಇತ್ತು. ನಾಲ್ಕು ವರ್ಷದಿಂದ ಇದೆ. ಯಾರನ್ನೂ ಕೇಳುವ ಧೈರ್ಯ ಬಂದಿರಲಿಲ್ಲ, ಇವತ್ತೂ ಬರಲಿಲ್ಲ. ಅದು ಅವನಿಗೆ ಹೇಗೆ ತಿಳಿಯಿತೋ, ನನಗಾಗಿ ಅವನೇ ಕೇಳಿದ.

“ಅಕ್ಕನ್ನ ಕೇಳ್ತಿದ್ರಾ?”

ಮುನಿಲಕ್ಷ್ಮಮ್ಮ ನನ್ನನ್ನೂ ಅವನನ್ನೂ ನೋಡಿ, ಇದೇನು ಪ್ರಶ್ನೆ ಎಂಬಂತೆ ಹೇಳಿದರು. “ಇಲ್ಲಪ್ಪ. ಇವ್ರು ದಿನಾ ಬಂದು ಪಕ್ಕದಲ್ಲೇ ಕೂತಿರೋರಲ್ಲ. ಕೇಳೋದೇನಿತ್ತು?”

ಹೊರಗೆ ಬಂದು ಆಟೋ ಹತ್ತಿದೆವು. ಹೆಣ್ಣೂರಿನ ರಸ್ತೆ ಮುಗಿಯಿತು. ಆಮೇಲೆ ನನ್ನ ಕಡೆ ನೋಡದೆ ಕೇಳಿದ, “ದಿನಾನಾ?”

“ಬಸ್ಸಿತ್ತು,” ಎಂದೆ.

ಮನೆಗೆ ಬಂದ ಮೇಲೆ ಕೈಕಾಲು ತೊಳೆದು, ಎಡೆಗೆ ತಾನೇ ಬಾಳೆಲೆ ಒರೆಸಿದ. ಅಮ್ಮನಿಗೆ ಇಷ್ಟವಾದ ಹೀರೇಕಾಯಿ ಬೋಂಡವನ್ನು ಒಂದು ಜಾಸ್ತಿ ಇಟ್ಟ. ಧೂಪ ಹಾಕುವಾಗ ಅವನ ಕೈಯನ್ನು ನಾನು ಹಿಡಿದುಕೊಂಡೆ. ಇಬ್ಬರೂ ಸೇರಿ ಹಾಕಿದೆವು.

ಹಸಿವಾಗ್ತಿದೆ ಬಡಿಸು ಎಂದ. ಉಪ್ಪಿಲ್ಲದ ಸಾರನ್ನು ಬೈದುಕೊಂಡೇ ಉಂಡ. ಈಗ, ಇಲ್ಲಿ ಅಮ್ಮ ಮಲಗುತ್ತಿದ್ದ ಮಂಚದ ಮೇಲೆ, ಎಡಗೈಯನ್ನು ಎದೆಯ ಮೇಲಿಟ್ಟುಕೊಂಡು ಮಲಗಿದ್ದಾನೆ. ಧನಲಕ್ಷ್ಮಿಗೆ ಫೋನ್ ಮಾಡಿ ಸಂಜೆ ಇಲ್ಲಿಗೇ ಬಾ ಎಂದಿದ್ದೇನೆ. ಫ್ಯಾನು ಕಿರುಗುಟ್ಟುತ್ತಿದೆ, ಆರಿಸಿದರೆ ಎದ್ದುಬಿಡುತ್ತಾನೆಂದು ಹಾಗೇ ಬಿಟ್ಟಿದ್ದೇನೆ.

ನಿನ್ನ ಅವ್ವನ ಹೆಸರನ್ನು ನೀನು ಬರೆದಿಲ್ಲ. ಬರೆದು ಕಳಿಸು. ಮುಂದಿನ ವರ್ಷ ಈ ದಿನ ನಮ್ಮ ಮನೆಯಲ್ಲಿ ಆಕೆಗೂ ಒಂದು ಎಲೆ ಹಾಕುತ್ತೇನೆ. ರಜೆ ಸಿಕ್ಕಿದರೆ ನೀನೂ ಬಾ.

ನಿನ್ನ,
ಆಂಜನಮ್ಮ